ಕೌದಿಯ ತುತ್ತು

ಕ್ರಿಸ್‌ಮಸ್ ಊಟದ ಮೇಜಿಗೆ ಕೈಯಲ್ಲೇ ಮಾಡಿದ್ದೇನಾದರೂ ಬೇಕೆಂದು ಶೀಲಾ ಮೇಡಂ ಗೋಗರೆದದ್ದಕ್ಕೆ, ಅಡುಗೆಯ ಕಳಕಮ್ಮ ಒಂದು ದಿನದ ಮಟ್ಟಿಗೆ ಅವ್ವನ ಕೌದಿ ಕೊಟ್ಟಿದ್ದಳು. ಹಳೆಯ ಇಳಕಲ್ ಸೀರೆಗಳ ತುಂಡು ಜೋಡಿಸಿ ಅವ್ವ ಹೊಲಿದದ್ದು. ಸಂಜೆ ಗಿಣಿಗೇರಾದ ಕಾರ್ಖಾನೆ ಕ್ವಾರ್ಟರ್ಸಿನ ಮೇಡಂ ಮನೆಗೆ ಬಂದು ನೋಡಿದರೆ, ಎಂಟು ತಟ್ಟೆಗಳ ಕೆಳಗೆ ಕೌದಿಯ ಎಂಟು ಚೌಕಗಳು. ನಡುವೆ ಮೇಣದಬತ್ತಿ, ಸುತ್ತ ಚೆಂಡುಹೂ.

ಕಳಕಮ್ಮನ ಮೈಯೆಲ್ಲ ಉರಿದುಹೋಯಿತು. ಹೊದೆಯುವುದನ್ನು ಹಾಸಲು ಕೊಟ್ಟದ್ದೇ ದೊಡ್ಡದು, ಕತ್ತರಿ ಆಡಿಸಲು ಹೇಳಿದವರು ಯಾರು?

“ಚೆನ್ನಾಗಿದೆ ಅಲ್ವಾ?” ಎಂದರು ಮೇಡಂ. “ಕತ್ತರಿಸುವಾಗ ಮೂಲೆಯಿಂದ ಒಣ ರೊಟ್ಟಿ ಚೂರು ಉದುರಿತು. ಗಲೀಜು. ಕಸದ ಬುಟ್ಟಿಗೆ ಹಾಕಿದೆ. ನಿನಗೆ ಹೊಸ ಬ್ಲಾಂಕೆಟ್ ಕೊಡಿಸ್ತೀನಿ ಬಿಡು.”

“ಗಲೀಜಲ್ರೀ ಅದು. ಕೌದಿ ಹಸಕೊಂಡು ಇರಬಾರದಂತ ಅದರ ಹೊಟ್ಟ್ಯಾಗ ನಮ್ಮವ್ವ ಇಟ್ಟು ಹೊಲಿದ ತುತ್ತು.”

ಹೊರಗೆ ಅತಿಥಿಗಳು ಕಾರಿನಿಂದ ಇಳಿಯುತ್ತಿದ್ದರು. ಕಳಕಮ್ಮ ತಟ್ಟೆಗಳನ್ನು ಒಂದೊಂದಾಗಿ ನೆಲಕ್ಕಿಟ್ಟು, ಎಂಟೂ ತುಂಡುಗಳನ್ನು ಉಡಿಗೆ ಹಾಕಿಕೊಂಡಳು.

“ಏನ್ ಮಾಡ್ತಿದೀಯ? ಊಟ ಯಾರು ಬಡಿಸ್ತಾರೆ?” ಎಂದರು ಮೇಡಂ.

“ಒಲಿ ಮ್ಯಾಲ ಐತಿ. ನೀವಽ ಬಡಿಸ್ಕೋರಿ.”

ಹಾಗೆಂದವಳು ಕಸದ ಬುಟ್ಟಿ ತಂದು, ಆ ಮೇಜಿನ ನಟ್ಟನಡುವೆ ಬೋರಲು ಹಾಕಿ, ರೊಟ್ಟಿಯ ಚೂರನ್ನು ಹುಡುಕತೊಡಗಿದಳು.