ಸಮನಾಗಿ ಸವೆದ ಚಪ್ಪಲಿ

"ಒಬ್ಬರೇನಾ ಮೇಡಂ?" ಎಂದು ರೆಸಾರ್ಟಿನವರು ನನ್ನನ್ನು ಕೇಳಿದ್ದು ನಾಲ್ಕು ಸಲ. ಮೊದಲು ಗೇಟಿನ ಕಾವಲುಗಾರ, ಆಮೇಲೆ ಕೌಂಟರಿನ ಹುಡುಗಿ, ಆಮೇಲೆ ರೂಮು ತೋರಿಸಲು ಬಂದವನು, ಕೊನೆಗೆ ಊಟದ ಹಾಲಿನ ಮೇಲ್ವಿಚಾರಕ. ನಾಲ್ಕನೆಯ ಸಲ ನನಗೆ ರೇಗಿಹೋಯಿತು. "ಇಲ್ಲಪ್ಪ, ಇನ್ನೂ ಆರು ಜನ ಈ ಬ್ಯಾಗಲ್ಲಿದ್ದಾರೆ" ಎಂದೆ. ಪಾಪ, ಅವನು ಬ್ಯಾಗಿನ ಕಡೆ ನೋಡಿಯೂ ನೋಡಿದ.

ತಪ್ಪು ಅವನದಲ್ಲ. ರಜೆಯ ಸೀಸನ್ನು, ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಗಂಡ, ಹೆಂಡತಿ, ಮಕ್ಕಳು, ಮಕ್ಕಳ ಗಾಳಿ ತುಂಬಿದ ಬಾತುಕೋಳಿಗಳು. ಅದರ ನಡುವೆ ಐವತ್ತೆರಡು ವರ್ಷದ ಹೆಂಗಸೊಬ್ಬಳು ಒಂಟಿಯಾಗಿ ನಿಂತಿದ್ದರೆ ಯಾರಾದರೂ ಕೇಳುವವರೇ.

ನನ್ನ ಕೆಲಸ ಚಪ್ಪಲಿ ಹೊಲಿಯುವುದು. ಅಂಗಡಿ ಚಪ್ಪಲಿಯಲ್ಲ. ಆಸ್ಪತ್ರೆಯೊಂದರ ಕಾರ್ಯಾಗಾರದಲ್ಲಿ, ಒಂದು ಕಾಲು ಗಿಡ್ಡವಿರುವವರಿಗೆ, ಮಂಡಿ ಸವೆದವರಿಗೆ ಅಳತೆ ತೆಗೆದು ಮಾಡಿಕೊಡುವ ಚಪ್ಪಲಿ. ಇಪ್ಪತ್ತೆರಡು ವರ್ಷವಾಯಿತು. ಹಳೆಯ ಚಪ್ಪಲಿ ಮಗುಚಿ ಅಟ್ಟೆ ನೋಡಿದರೆ ಸಾಕು, ಹಾಕಿಕೊಂಡವರು ಯಾವ ಕಾಲಿನ ಮೇಲೆ ಭಾರ ಬಿಡುತ್ತಾರೆ, ಯಾವ ಕಾಲನ್ನು ಎಳೆಯುತ್ತಾರೆ ಎಂದು ಹೇಳಿಬಿಡುತ್ತೇನೆ. ಡಾಕ್ಟರುಗಳೇ ಕರೆದು ಕೇಳುವುದುಂಟು.

ಬ್ಯಾಗಿನಲ್ಲಿ ಆರು ಜನ ಇರಲಿಲ್ಲ, ಒಂದು ಪತ್ರ ಇತ್ತು. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಇಡೀ ಕಾರ್ಯಾಗಾರದ ಮುಖ್ಯಸ್ಥೆಯಾಗಲು ಕರೆದಿದ್ದರು. ಕೆಳಗೆ ಎರಡು ಚೌಕ: ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ. ಒಂದಕ್ಕೆ ಗುರುತು ಹಾಕಿ ಸೋಮವಾರದೊಳಗೆ ಕಳಿಸಬೇಕು. ಆರು ವರ್ಷದ ಹಿಂದೆ ಒಮ್ಮೆ, ಮೂರು ವರ್ಷದ ಹಿಂದೆ ಇನ್ನೊಮ್ಮೆ ಇದೇ ಪತ್ರ ಬಂದಿತ್ತು. ಎರಡು ಸಲವೂ ಇಲ್ಲ ಎಂದಿದ್ದೆ. ಇದು ಕೊನೆಯದು, ಇನ್ನು ವಯಸ್ಸು ದಾಟುತ್ತದೆ.

ಇಲ್ಲ ಎಂದಿದ್ದಕ್ಕೆ ಕಾರಣ ಅತ್ತೆಯ ಎಡ ಮಂಡಿ. ಆರು ವರ್ಷದ ಹಿಂದೆ ಮೆಟ್ಟಿಲ ಮೇಲೆ ಜಾರಿ ಬಿದ್ದವರು ಮತ್ತೆ ನೆಟ್ಟಗೆ ನಡೆಯಲಿಲ್ಲ. ಕುರ್ಚಿಯಿಂದ ಏಳಬೇಕಾದರೆ ನನ್ನ ಎರಡೂ ತೋಳು ಬೇಕು. ದಿನಾ ಸಂಜೆ ಬಿಸಿನೀರಿನ ಶಾಖ, ಎಣ್ಣೆ, ನೀವುವುದು. "ಯಾವ ಡಾಕ್ಟರೂ ಬೇಡ, ನಿನ್ನ ಕೈಗುಣವೇ ಸಾಕು" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ, ಇದೇ ಸೀಸನ್ನಿನಲ್ಲಿ, ನಮ್ಮ ಯಜಮಾನರು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ನಾದಿನಿಯ ಮನೆಯಲ್ಲಿ ಹದಿನೈದು ದಿನ ಬಿಟ್ಟು ಬರುತ್ತಿದ್ದರು. ಈ ಸಲವೂ ಬಿಟ್ಟು ಬಂದಿದ್ದರು.

ರೆಸಾರ್ಟಿನ ವಿಳಾಸದ ಚೀಟಿ ಸಿಕ್ಕಿದ್ದು ಆ ಕಾರಿನಲ್ಲೇ. ನಮ್ಮ ಯಜಮಾನರು ನನ್ನನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಬೇಕೆಂದು ಗುಟ್ಟಾಗಿ ವಿಚಾರಿಸಿದ್ದಾರೆ ಎಂದುಕೊಂಡು ನನಗೆ ಒಂದು ದಿನವಿಡೀ ಒಳಗೊಳಗೇ ನಗು. ಆದರೆ ಅವರು ಮನಸ್ಸು ಮಾಡುವ ಹೊತ್ತಿಗೆ ಸಮುದ್ರವೇ ಬತ್ತಿರುತ್ತದೆ. ನಾನೇ ಫೋನು ಮಾಡಿದೆ. ಯಾರೋ ಕೈಬಿಟ್ಟ ಒಂದು ರೂಮು ಇತ್ತು. ಮನೆಯಲ್ಲಿ ಗೆಳತಿಯ ಮನೆಗೆ ಎಂದು ಹೇಳಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಹೇಳಿದ ಮೊದಲ ಸುಳ್ಳು. 'ಒಪ್ಪಿಗೆ ಇಲ್ಲ' ಎಂದು ಗುರುತು ಹಾಕಲು ಸಮುದ್ರದ ದಡದವರೆಗೆ ಬಂದವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಹಾಕುವ ಮುಂಚೆ ಒಂದು ದಿನವಾದರೂ ನನ್ನ ಪಾಡಿಗೆ ನಾನಿರಬೇಕು ಅನಿಸಿತ್ತು.

"ಸೀಸನ್ನಲ್ಲಿ ಒಬ್ಬರಿಗೇ ಒಂದು ಟೇಬಲ್ ಕೊಡೋಕಾಗಲ್ಲ ಮೇಡಂ" ಎಂದ ಮೇಲ್ವಿಚಾರಕ. "ಒಂಟಿಯಾಗಿ ಬಂದವರನ್ನೆಲ್ಲ ಒಂದೇ ಟೇಬಲ್ಲಿಗೆ ಹಾಕ್ತೀವಿ. ಈಗ ನಿಮ್ಮನ್ನ ಬಿಟ್ರೆ ಒಬ್ಬರೇ ಇರೋದು. ವಯಸ್ಸಾದ ಅಮ್ಮ. ಐದು ವರ್ಷದಿಂದ ಬರ್ತಾರೆ. ದಿನಾ ಬೆಳಿಗ್ಗೆ ಆ ಲೈಟ್‌ಹೌಸ್‌ವರೆಗೂ ನಡೆದು ಹೋಗಿ ಬರ್ತಾರೆ, ಏನು ಕಾಲು ಅಂತೀರಿ! ನಾವೆಲ್ಲ ಅವರನ್ನ ಕುದುರೆ ಅಮ್ಮ ಅಂತೀವಿ."

"ಪುಣ್ಯವಂತರು" ಎಂದೆ, ನಮ್ಮ ಅತ್ತೆಯನ್ನು ನೆನೆದು.

ಹಾಲಿನೊಳಗೆ ಮರಳು ಬರಬಾರದೆಂದು ಬಾಗಿಲಲ್ಲೇ ಚಪ್ಪಲಿ ಬಿಡಿಸುತ್ತಿದ್ದರು. ಮರಳು ಉದುರಲೆಂದು ಎಲ್ಲರ ಚಪ್ಪಲಿಗಳನ್ನೂ ಗೂಡಿನಲ್ಲಿ ಮಗುಚಿ ಇಟ್ಟಿದ್ದರು. ನನ್ನದನ್ನು ಇಡುತ್ತಾ ರೂಢಿಯಂತೆ ಸಾಲಿನ ಮೇಲೆ ಕಣ್ಣಾಡಿಸಿದೆ. ಇವನದು ಚಪ್ಪಟೆ ಪಾದ. ಇವಳು ಬಲಗಾಲು ಎಳೆಯುತ್ತಾಳೆ. ಇದು ಒಳ್ಳೆಯ ನಡಿಗೆ, ಎರಡೂ ಹಿಮ್ಮಡಿ ಸಮನಾಗಿ ಸವೆದಿವೆ, ಎಷ್ಟೋ ಮೈಲಿ ನಡೆದ ಕಾಲು. ಅಲ್ಲಿಗೆ ನನ್ನ ಕಣ್ಣು ನಿಂತಿತು. ಎಡ ಚಪ್ಪಲಿಯ ಹೊರ ಅಂಚಿನಲ್ಲಿ ಹಳೆಯ ಅಂಟಿನ ಗೆರೆ. ಎತ್ತರಕ್ಕೆಂದು ಯಾರೋ ಹಾಕಿದ ಪಟ್ಟಿಯನ್ನು ಇನ್ಯಾರೋ ಕಿತ್ತು ತೆಗೆದಿದ್ದರು.

ಎತ್ತಿ ತಿರುಗಿಸಿದೆ. ಒಳಗಿನ ಅಸ್ತರು ಹಳದಿ, ಅದರ ಮೇಲೆ ನೀಲಿ ಚುಕ್ಕಿ. ನಮ್ಮ ಅಡುಗೆಮನೆಯ ಹಳೆಯ ಪರದೆ. ಅತ್ತೆಯ ಕಾಲು ಉಜ್ಜದಿರಲಿ ಎಂದು ನಾನೇ ಕತ್ತರಿಸಿ ಒಳಗಿಟ್ಟು ಹೊಲಿದ ಬಟ್ಟೆ. ಎರಡು ವರ್ಷದ ಹಿಂದೆ ಮಾಡಿಕೊಟ್ಟ ಜೋಡಿ. ಒಂದೇ ತಿಂಗಳಿಗೆ "ಕಿತ್ತುಹೋಯ್ತಮ್ಮ, ಎಸೆದುಬಿಟ್ಟೆ" ಎಂದಿದ್ದರು. ನಾನು ಮತ್ತೊಂದು ಹೊಲಿದುಕೊಟ್ಟಿದ್ದೆ.

ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿತ್ತು. ಹಿಂದೆ ನಿಂತವರು "ಸ್ವಲ್ಪ ಜರುಗ್ತೀರಾ?" ಎಂದು ಎರಡು ಸಲ ಹೇಳಬೇಕಾಯಿತು.

ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಒದ್ದೆ ಕೂದಲು ಹರಡಿಕೊಂಡು ಅತ್ತೆ ಕೂತಿದ್ದರು. ನಾನು ನೋಡುತ್ತಿದ್ದಂತೆಯೇ ಎದ್ದರು. ಕೈ ಊರಲಿಲ್ಲ, ಯಾರ ತೋಳೂ ಬೇಕಾಗಲಿಲ್ಲ. ಸರಸರನೆ ಹೋಗಿ ತಟ್ಟೆಯಲ್ಲಿ ಹಣ್ಣು ಹಾಕಿಕೊಂಡು ತಿರುಗಿದರು. ಎದುರಿಗೆ ನಾನು.

ತಟ್ಟೆ ಅಲುಗಿತು. ತಕ್ಷಣ ಅವರ ಕೈ ಕೆಳಗಿಳಿದು ಮಂಡಿ ಹಿಡಿಯಿತು. "ಅಯ್ಯಮ್ಮಾ, ನೋವು..."

"ಅದು ಬಲಗಾಲು ಅತ್ತೆ" ಎಂದೆ.

ಮೇಲ್ವಿಚಾರಕ ಬಂದು ಇಬ್ಬರನ್ನೂ ಎದುರುಬದುರು ಕೂರಿಸಿ, "ಜೊತೆ ಸಿಕ್ತಲ್ಲ ಅಮ್ಮ!" ಎಂದು ಖುಷಿಯಿಂದ ಹೋದ. ಪಕ್ಕದ ಟೇಬಲ್ಲಿನ ಮಗು ಚಮಚದಿಂದ ತಟ್ಟೆ ಬಡಿಯುತ್ತಿತ್ತು.

"ಯಾವಾಗ ವಾಸಿಯಾಯ್ತು?" ಕೇಳಿದೆ.

"ಬಿದ್ದ ವರ್ಷವೇ ಕಣೇ. ನಾಲ್ಕೈದು ತಿಂಗಳಿಗೆ."

"ಮತ್ತೆ?"

"ನಿನಗೆ ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನಿನಗೆ ಆ ಪತ್ರ ಬಂತು. ನಿನ್ನ ಗಂಡ ಬಂದು, ಅಮ್ಮಾ, ನಿನ್ನ ಕಾಲು ಸರಿಹೋಯ್ತು ಅಂದ್ರೆ ಅವಳು ಹೊರಟುಬಿಡ್ತಾಳೆ, ಸುಮ್ಮನಿರು ಅಂದ." ಅತ್ತೆ ಹಣ್ಣಿನ ಚೂರನ್ನು ತಟ್ಟೆಯಲ್ಲೇ ಸುತ್ತಿಸುತ್ತಿದ್ದರು. "ವರ್ಷಕ್ಕೆ ಹದಿನೈದು ದಿನವಾದ್ರೂ ನಡೀದಿದ್ರೆ ನಾನು ನಿಜವಾಗ್ಲೂ ಕುಂಟಿ ಆಗ್ತೀನಿ ಕಣೋ ಅಂದೆ. ಇಲ್ಲಿಗೆ ತಂದು ಬಿಡೋಕೆ ಶುರು ಮಾಡ್ದ."

"ನಾದಿನಿಗೆ?"

"ಗೊತ್ತು."

ಎಲ್ಲರಿಗೂ ಗೊತ್ತು. ಕಂಡವರ ಕಾಲನ್ನೆಲ್ಲ ಓದುವ ನನಗೆ ಮಾತ್ರ ಗೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಆರು ವರ್ಷದಲ್ಲಿ ಒಂದೇ ಒಂದು ದಿನ ನಮ್ಮ ಮನೆಯ ಚಪ್ಪಲಿ ಮಗುಚಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಮನೆಯವರ ಚಪ್ಪಲಿಯನ್ನು ಯಾರು ಅನುಮಾನದಿಂದ ಮಗುಚುತ್ತಾರೆ?

"ದಿನಾ ಸಂಜೆ ನೀವಿಸಿಕೊಳ್ತಿದ್ರಲ್ಲ ಅತ್ತೆ, ಏನೂ ಅನಿಸಲಿಲ್ವಾ?"

"ಅನಿಸ್ತಿತ್ತು" ಎಂದರು. ಕಣ್ಣು ತುಂಬಿಕೊಂಡವು. "ಆದ್ರೆ ದಿನಕ್ಕೆ ಅರ್ಧ ಗಂಟೆ ನನ್ನ ಹತ್ರ ಯಾರಾದ್ರೂ ಕೂರ್ತಿದ್ರು ಅಂದ್ರೆ ಅದು ನೀನೇ. ಬಿಡೋಕೆ ಮನಸ್ಸು ಬರಲಿಲ್ಲ."

ನನಗೆ ಅಯ್ಯೋ ಅನಿಸಿತು. ಆ ಮರುಗಳಿಗೆಯೇ, ಅಯ್ಯೋ ಅನಿಸಿದ್ದಕ್ಕೆ ಮೈಯೆಲ್ಲ ಉರಿಯಿತು.

ಆಗ ಅವರ ಫೋನು ಬಡಿದುಕೊಂಡಿತು. ಅತ್ತೆಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಆವತ್ತು ರೂಢಿಯಿಂದ ಒತ್ತಿದರೋ ಬೇಕೆಂದೇ ಒತ್ತಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಅಮ್ಮಾ, ಊಟ ಆಯ್ತಾ?" ನನ್ನ ಗಂಡನ ದನಿ. "ನೋಡು, ಅವಳಿಗೆ ಮತ್ತೆ ಆ ಪತ್ರ ಬಂದಿದೆ. ಬ್ಯಾಗಲ್ಲಿ ಬಚ್ಚಿಟ್ಟಿದ್ಲು, ನಾನು ನೋಡ್ದೆ. ಸೋಮವಾರ ಕೊನೇ ದಿನ. ನಾಳೆ ಬಂದು ನಿನ್ನ ಕರ್ಕೊಂಡು ಹೋಗ್ತೀನಿ. ಮನೆಗೆ ಬಂದ ತಕ್ಷಣ ಮಂಡಿ ಊದಿಕೊಂಡಿದೆ ಅನ್ನು, ಸ್ವಲ್ಪ ಜಾಸ್ತಿನೇ ಕುಂಟು. ಇದೊಂದು ಸಲ ದಾಟಿದ್ರೆ ಮುಗೀತಮ್ಮ. ಆಮೇಲೆ ಯಾರೂ ಅವಳನ್ನ ಕರೆಯಲ್ಲ, ನೀನೂ ಕುಂಟಬೇಕಾಗಿಲ್ಲ."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಫೋನಿನ ಕಡೆ ಬಗ್ಗಿದರು.

"ಇನ್ನು ಕುಂಟೋಕೆ ಆಗಲ್ಲ ಕಣೋ. ಚಪ್ಪಲಿ ಹೊಲಿದವಳು ಎದುರಿಗೇ ಕೂತಿದ್ದಾಳೆ."

"ಯಾರು?"

"ನಾನೇ ರೀ" ಎಂದೆ. "ಗೆಳತಿಯ ಮನೆಯಿಂದ."

ಅವರು ಏನೋ ಹೇಳಲು ಹೊರಟರು. ಅತ್ತೆ ಫೋನು ಆರಿಸಿ, ಪರದೆ ಕೆಳಗಾಗಿ ಇಟ್ಟುಬಿಟ್ಟರು.

ನಾನು ಬ್ಯಾಗಿನಿಂದ ಪತ್ರ ತೆಗೆದೆ. ಪೆನ್ನು ಸಿಗಲಿಲ್ಲ. ಅತ್ತೆ ಮೇಲ್ವಿಚಾರಕನನ್ನು ಕರೆದು ಅವನ ಪೆನ್ನು ಇಸಿದುಕೊಂಡು ಕೊಟ್ಟರು. 'ಒಪ್ಪಿಗೆ ಇದೆ' ಎಂಬ ಚೌಕದಲ್ಲಿ ಗುರುತು ಹಾಕಿದೆ. ಒತ್ತಿದ ರಭಸಕ್ಕೆ ಕಾಗದ ತೂತಾಯಿತು.

"ಅಲ್ಲಿ ಮನೆ ಕೊಡ್ತಾರಲ್ಲ, ಎಷ್ಟನೇ ಮಹಡಿ?" ಅತ್ತೆ ಮೆಲ್ಲಗೆ ಕೇಳಿದರು. "ನನಗೆ ಮೆಟ್ಟಿಲು ಏನೂ ತೊಂದರೆ ಇಲ್ಲ."

"ಗೊತ್ತಾಯ್ತು ಅತ್ತೆ. ಆದ್ರೆ ನಾನು ಹೋಗ್ತಿರೋದು ಒಬ್ಬಳೇ."

ಅವರು ತಲೆ ಆಡಿಸಿದರು. ನಾನು ಎದ್ದು ಬಂದೆ. ಬಾಗಿಲ ಹತ್ತಿರ ಆ ಚಪ್ಪಲಿ ನಾನು ಕೆಡವಿದಲ್ಲೇ ಬಿದ್ದಿತ್ತು, ಜನ ಅದನ್ನು ತುಳಿದುಕೊಂಡೇ ಓಡಾಡುತ್ತಿದ್ದರು. ದಾಟಿ ಹೋದೆ. ನಾಲ್ಕು ಹೆಜ್ಜೆ ಹೋಗಿ ವಾಪಸ್ಸು ಬಂದು, ಮರಳು ಕೊಡವಿ, ಅದರ ಜೋಡಿಯ ಪಕ್ಕಕ್ಕೆ ನೆಟ್ಟಗೆ ಇಟ್ಟು ಹೊರಟೆ.