ಹಸಿರು ಶಾಯಿಯ ದನದ ಡಾಕ್ಟರು

ಮಡಿವಾಳೆಪ್ಪ ಡಾಕ್ಟರ ಖಾಕಿ ಕೋಟಿನ ಎಡಜೇಬಿನಲ್ಲಿ ದನದ ಜ್ವರ ನೋಡುವ ಥರ್ಮಾಮೀಟರೂ ಹಸಿರು ಶಾಯಿಯ ಪೆನ್ನೂ ಒಂದಕ್ಕೊಂದು ಒರಗಿ ನಿಂತಿರುತ್ತಿದ್ದವು. ಕುಂದಗೋಳದ ದನದ ದವಾಖಾನೆಗೆ ಎಮ್ಮೆ, ಎತ್ತುಗಳ ಹಿಂದೆಯೇ ಅಂಕಪಟ್ಟಿಯ ನಕಲು ಹಿಡಿದ ಹುಡುಗ ಹುಡುಗಿಯರೂ ಬರುತ್ತಿದ್ದರು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಝೆರಾಕ್ಸ್ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಟೈಪು ಮಾಡಿಸಿದ ನಕಲಾದರೆ, ‘ಮೂಲದೊಂದಿಗೆ ತಾಳೆ ನೋಡಿದೆ’ ಎಂದು ಗೆಜೆಟೆಡ್ ಅಧಿಕಾರಿಯೊಬ್ಬರು ಸಹಿ ಹಾಕದೆ ಯಾವ ಕಚೇರಿಯೂ ಅದನ್ನು ಮುಟ್ಟುತ್ತಿರಲಿಲ್ಲ. ಊರಿನಲ್ಲಿ ಸದಾ ಕೈಗೆ ಸಿಗುತ್ತಿದ್ದ ಅಂಥ ಅಧಿಕಾರಿ ದನದ ಡಾಕ್ಟರೊಬ್ಬರೇ.

ಡಾಕ್ಟರು ಸಿಗುತ್ತಿದ್ದರು, ಸಹಿ ಸಿಗುವುದು ಕಷ್ಟವಿತ್ತು. ಕೆಸರಿರಲಿ ಬಿಡಲಿ, ಗಮ್‌ಬೂಟಿನ ಕಾಲನ್ನು ಎತ್ತೆತ್ತಿ ಇಡುತ್ತ ಬಂದು, ಮೊದಲು ಕೇಳುತ್ತಿದ್ದುದು ಒಂದೇ ಮಾತು: “ಮೂಲ ಎಲ್ಲೈತಿ?” ಮೂಲವನ್ನು ಎಡಕ್ಕೆ, ನಕಲನ್ನು ಬಲಕ್ಕೆ ಹರಡಿ, ಎರಡರ ಮೇಲೂ ಬೆರಳಿಟ್ಟು, ತುಟಿ ಅಲುಗಿಸುತ್ತ ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದರು. ಗಣಿತದಲ್ಲಿ ಕಡಿಮೆ ಅಂಕ ಬಂದವರಿಗೆ ಆ ಬೆರಳು ಅಲ್ಲೇ ತಡೆದು ನಿಂತಂತೆ ಅನಿಸುತ್ತಿತ್ತು.

ಈರಬಸಪ್ಪನ ಮಗಳು ನೀಲಕ್ಕ ಅವರೆದುರು ನಿಂತ ಮಧ್ಯಾಹ್ನ, ಶಿಕ್ಷಕರ ತರಬೇತಿಗೆ ಅರ್ಜಿ ಹಾಕಲು ಮರುದಿನವೇ ಕೊನೆಯ ದಿನ. ತಪ್ಪಿದರೆ ಒಂದು ವರ್ಷ ಮನೆಯಲ್ಲಿ. ಆ ವರ್ಷದೊಳಗೆ ಗಂಡು ನೋಡುವುದೆಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ. ಅವಳ ಅಂಕಪಟ್ಟಿ ಸಂಶಿಯ ಕಾಲೇಜಿನ ಕಪಾಟಿನಲ್ಲಿತ್ತು. ಪ್ರಾಚಾರ್ಯರು ಪರಸ್ಥಳಕ್ಕೆ ಹೋಗಿದ್ದರು. ಅವರ ಅಪ್ಪಣೆಯಿಲ್ಲದೆ ಅದನ್ನು ತೋರಿಸಬಹುದೇ ಹೊರತು ಕೊಡಲಾಗದು ಎಂದಿದ್ದ ಗುಮಾಸ್ತ ಮೈಲಾರಪ್ಪ. ಕಾಲೇಜಿಗೆ ಕೊಡುವ ಮುಂಚೆ ತಾನೇ ಬರೆದಿಟ್ಟುಕೊಂಡಿದ್ದ ಪ್ರತಿಯನ್ನು ನೀಲಕ್ಕ ಟೈಪಿಸ್ಟ್ ಇಮಾಮಹುಸೇನನ ಹತ್ತಿರ ಟೈಪು ಮಾಡಿಸಿ ತಂದಿದ್ದಳು.

ಮೂಲವಿಲ್ಲದೆ ಆಗದೆಂದು ಡಾಕ್ಟರು ತಲೆಯಾಡಿಸಿದರು. ಜೊತೆಗೆ ಬಂದಿದ್ದ ಈರಬಸಪ್ಪನಿಗೆ ಸಿಟ್ಟು ಬಂತು.

“ನಮ್ಮ ಎಮ್ಮಿ ನಿಮ್ಮ ಕೈಯಾಗ ಈದೈತ್ರಿ. ನನ್ನ ಮಾತಿನ ಮ್ಯಾಲೆ ಒಂದ್ ಸಹಿ ಹಾಕಾಕ ಬರೂದಿಲ್ಲೇನ್ರಿ?”

“ನಿನ್ನ ಎಮ್ಮಿನ್ನ ನೋಡದನ ಸೂಜಿ ಚುಚ್ಚೇನೇನು, ಈರಬಸಪ್ಪ?”

ನೀಲಕ್ಕ ಡಾಕ್ಟರ ಜೇಬಿನ ಪೆನ್ನನ್ನೇ ನೋಡುತ್ತ ನಿಂತಿದ್ದಳು. ಡಾಕ್ಟರು ಕೈ ತೊಳೆದುಕೊಂಡು ಕೇಳಿದರು: “ಮೂಲ ತೋರಸ್ತಾರಂತಲ್ಲಾ? ಹಂಗಾದ್ರ ನಾನ ಬರ್ತೀನಿ, ನಡೀರಿ.”

ಔಷಧದ ಚೀಲ ಹಿಡಿದು ಗಮ್‌ಬೂಟಿನಲ್ಲೇ ಬಸ್ಸು ಹತ್ತಿದರು. ಸಂಶಿಯಲ್ಲಿ ಯಾರ ಎತ್ತಿಗೆ ಏನಾಯಿತೆಂದು ಕಂಡಕ್ಟರ್ ಕೇಳಿದ. “ಎತ್ತಿಗಲ್ಲೋ, ಕಾಗದಕ್ಕ,” ಎಂದು ಕಿಟಕಿಯತ್ತ ತಿರುಗಿದರು.

ಮೈಲಾರಪ್ಪ ಕಪಾಟು ತೆರೆದ. ಎರಡು ಬೆರಳು ಎರಡು ಕಾಗದಗಳ ಮೇಲೆ ಇಳಿಯತೊಡಗಿದವು. ನೀಲಕ್ಕನ ಉಸಿರು ಅವುಗಳ ಜೊತೆಗೇ ಇಳಿಯಿತು. ಒಂದು ಅಂಕಿಯೂ ಹೆಚ್ಚುಕಡಿಮೆ ಇರಲಿಲ್ಲ.

“ಎಲ್ಲಾ ಸರೀನ ಇತ್ತಲ್ರಿ,” ಎಂದ ಈರಬಸಪ್ಪ. “ಇಷ್ಟ್ ದೂರ ಬಂದು ಏನ್ ಸಿಕ್ತು?”

“ಸರಿ ಐತಿ ಅನ್ನೂದು ಸಿಕ್ತು.”

ಹಸಿರು ಸಹಿ ಬಿತ್ತು. ಥರ್ಮಾಮೀಟರಿನ ನೆರೆಯಲ್ಲಿ ಪೆನ್ನಿದ್ದಂತೆ ಚೀಲದಲ್ಲಿ ಸೂಜಿಗಳ ನಡುವೆ ಮೊಹರೂ ಇತ್ತು. ಆದರೆ ಮೈಲಾರಪ್ಪನ ಸ್ಟಾಂಪ್ ಪ್ಯಾಡು ಬೇಸಿಗೆ ರಜೆಯಲ್ಲಿ ಒಣಗಿ ಬೆಂಡಾಗಿತ್ತು. ಡಾಕ್ಟರು ದನದ ಗಾಯಕ್ಕೆ ಹಚ್ಚುವ ನೇರಳೆ ಔಷಧವನ್ನು ಅರಳೆಗೆ ಸುರಿದು, ಮೊಹರನ್ನು ಅದರಲ್ಲಿ ಒತ್ತಿ, ಕಾಗದದ ಮೇಲೆ ಊರಿದರು. ಅಕ್ಷರ ಒಂದೂ ಬಿಡದೆ ಮೂಡಿತು.

ಮರುದಿನ ಧಾರವಾಡದ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡಾತ ಅದನ್ನು ಮೂಗಿನ ಹತ್ತಿರ ಹಿಡಿದು, “ಏನವಾ ಇದು, ದವಾಖಾನಿ ವಾಸನಿ?” ಎಂದ. ಸಹಿ ನೋಡಿದ, ಮೊಹರು ನೋಡಿದ, ಕಾಗದವನ್ನು ಉಳಿದ ಅರ್ಜಿಗಳ ಮೇಲಿಟ್ಟ. ಹೊರಗೆ ಬೇವಿನ ಮರದ ಕೆಳಗೆ ರೊಟ್ಟಿಯ ಗಂಟು ಬಿಚ್ಚಿದಾಗಲೇ ನೀಲಕ್ಕನಿಗೆ, ಹಿಂದಿನ ದಿನದಿಂದ ತಾನು ಸರಿಯಾಗಿ ಉಂಡಿಲ್ಲವೆಂಬುದು ತಿಳಿದದ್ದು.

ನೋಡಿದ್ದೇನೆ ಎಂದು ಬರೆಯುವ ಮುನ್ನ ನಿಜಕ್ಕೂ ನೋಡುವ ಜನ ಹತ್ತಿರದವರಿಗೆ ಸುಖ ಕೊಡುವವರಲ್ಲ. ಅವರಿಂದ ಕೆಲಸ ತಡವಾಗುತ್ತದೆ, ಗೆಳೆತನಕ್ಕೆ ಬೆಲೆಯಿಲ್ಲವೆಂದು ಮನಸ್ಸು ನೋಯುತ್ತದೆ. ಆದರೆ ಅವರ ಸಹಿಯಿದ್ದ ಕಾಗದ ಹಿಡಿದು ಪರಊರಿನ ಕಚೇರಿಯ ಕಿಟಕಿಗೆ ಹೋದವರು ಅದನ್ನು ಅಳುಕಿಲ್ಲದೆ ಒಳಗೆ ಚಾಚುತ್ತಾರೆ. ತಮ್ಮ ಪರವಾಗಿ ಒಬ್ಬರು ಕಣ್ಣಾರೆ ಕಂಡು ಬಂದಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ.