ಕೂಗದ ಕಾವಲುಗಾರ

ಧಾನ್ಯದಂಗಳವೊಂದರ ಏಳನೇ ಕಣಜದ ಉಷ್ಣತೆ ಹನ್ನೊಂದು ದಿನಗಳಿಂದ ಇಪ್ಪತ್ನಾಲ್ಕು ಪಾಯಿಂಟ್ ಮೂರರಲ್ಲೇ ನಿಂತಿದೆ ಎಂಬುದು ನೆಲಿದಾ ಬ್ರುಸೋನೆಯ ಗಮನಕ್ಕೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಏಪ್ರಿಲ್ ತಿಂಗಳು, ಸೋಯಾ ಕೊಯ್ಲಿನ ಕಾಲ. ರೊಸಾರಿಯೊದ ರಸ್ತೆಗಳಲ್ಲೆಲ್ಲ ಲಾರಿಗಳ ಸಾಲು.

ಆಲ್ದೊ ವಿನ್ಯೋಲೊನ ಸಣ್ಣ ಕಂಪನಿಯಲ್ಲಿ ಅವಳದು ತಂತ್ರಾಂಶ ಪರೀಕ್ಷಿಸುವ ಕೆಲಸ. ಅವರ ತಂತ್ರಾಂಶದ ಹೆಸರು ಸೆರೆನೊ, ಅಂದರೆ ಕಾವಲುಗಾರ. ಮೂವತ್ತೆಂಟು ಧಾನ್ಯದಂಗಳಗಳ ಉಕ್ಕಿನ ಕಣಜಗಳನ್ನು ಅದು ಕಾಯುತ್ತಿತ್ತು. ತೇವ ಉಳಿದ ಕಾಳು ಒಳಗೊಳಗೇ ಬಿಸಿಯೇರಿ ಗಾಳಿಯನ್ನು ವಿಷ ಮಾಡುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ಕಣಜದೊಳಗೆ ಇಳಿಬಿಟ್ಟ ತಂತಿಗಳಿಂದ ಸೆರೆನೊ ಗಂಟೆಗೊಮ್ಮೆ ಕಾವು ಓದಿಕೊಂಡು, ಏರಿದರೆ ಕೂಗುತ್ತಿತ್ತು.

ಮೊದಲೆಲ್ಲ ತಂತಿಯ ಸಂಪರ್ಕ ತಪ್ಪಿದರೂ ಕೂಗುತ್ತಿತ್ತು. "ನಿನ್ನ ಕಾವಲುಗಾರ ನೊಣ ಹಾರಿದ್ರೂ ಬೊಬ್ಬೆ ಹೊಡೀತಾನಲ್ಲಯ್ಯಾ" ಎಂದು ಅಂಗಳಗಳ ಒಡೆಯರಾದ ವ್ಯಾಪಾರಿಗಳು ಊಟದ ಮೇಜಿನಲ್ಲೇ ವಿನ್ಯೋಲೊನನ್ನು ಆಡಿಕೊಂಡರು. ಮೂವರು ಬಿಟ್ಟೂ ಹೋದರು. ಫೆಬ್ರವರಿಯಲ್ಲಿ ಅವನು ಅದನ್ನು ಬದಲಿಸಿದ: ತಂತಿ ಉತ್ತರ ಕೊಡದಿದ್ದರೆ ಕೊನೆಯ ಅಂಕಿಯೇ ಹಸಿರು ಬಣ್ಣದಲ್ಲಿ ಉಳಿಯಲಿ. ನೆಲಿದಾ ಬೇಡವೆಂದು ವಾದಿಸಿದಳು. ಕೊನೆಗೆ ಸೋತು ಒಪ್ಪಿಗೆಯ ಸಹಿ ಹಾಕಿದಳು. ಆಮೇಲೆ ಸೆರೆನೊನ ಹೆಸರು ಎಲ್ಲ ಕಡೆ ಹಬ್ಬಿತು. ಒಂಬತ್ತು ಅಂಗಳಗಳು ಹೊಸದಾಗಿ ಬಂದು ಸೇರಿದವು.

"ದೋನ್ ಆಲ್ದೊ, ಅಂಕಿ ಕೂದಲೆಳೆಯಷ್ಟಾದ್ರೂ ಅಲ್ಲಾಡ್ಬೇಕು. ಇದು ಹೆಣದ ಹಾಗೆ ಬಿದ್ದಿದೆ" ಎಂದಳು ಆ ಸೋಮವಾರ ಅವನ ಕೋಣೆಗೆ ಹೋದ ನೆಲಿದಾ, ಎಂದಿನಂತೆ ಗೌರವದ 'ದೋನ್' ಸೇರಿಸಿ.

ವಿನ್ಯೋಲೊ ಎದ್ದು ಬಾಗಿಲು ಮುಚ್ಚಿದ. "ನಮ್ಮದು ಸುಳ್ಳು ಹೇಳ್ತಿರಬಹುದು ಅಂತ ಒಬ್ಬರಿಗೆ ಹೇಳಿದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗತ್ತೆ. ಈ ಹೆಸರು ಮಾಡೋಕೆ ಹದಿನಾರು ವರ್ಷ ಹಿಡೀತು ಕಣಮ್ಮಾ. ಗುರುವಾರ ಸದ್ದಿಲ್ಲದೆ ತಂತ್ರಾಂಶ ಸರಿಮಾಡಿ ಕಳಿಸೋಣ."

"ಕಾಳು ಗುರುವಾರದ ತನಕ ಕಾಯತ್ತಾ?"

ಅವಳು ಕಾರಿನ ಕೀಲಿ ತೆಗೆದುಕೊಂಡು ಏಳನೇ ಕಣಜವಿದ್ದ ಅಂಗಳಕ್ಕೆ ಹೊರಟಳು.

ಅಂಗಳದ ಮೇಸ್ತ್ರಿ ದೋನ್ ಹಸಿಂತೊ ನೆರಳಲ್ಲಿ ಕೂತು ಮಾಟೆ ಎಲೆಯ ಕಷಾಯ ಹೀರುತ್ತಿದ್ದ. ಮೂವತ್ತು ವರ್ಷದಿಂದ ಅವನು ಅಲ್ಲೇ ಇದ್ದವನು. "ಬಾ ಮಗಳೇ, ನೀರು ಇನ್ನೂ ಬಿಸಿಯಿದೆ" ಎಂದ.

ಗಾಳಿಯಲ್ಲಿ ಸಣ್ಣದೊಂದು ಗಮಟು ವಾಸನೆಯಿತ್ತು. ಎಲ್ಲ ಕಣಜಗಳ ಮೇಲೂ ಪಾರಿವಾಳಗಳು ಕೂತಿದ್ದವು, ಏಳನೆಯದರ ಮೇಲೆ ಒಂದೂ ಇರಲಿಲ್ಲ.

"ವಾಸನೆನಾ? ಅದು ಲಾರಿಗಳ ಹೊಗೆ ಕಣೇ" ಎಂದ ಹಸಿಂತೊ. "ಪರದೆ ನೋಡು, ಹಸಿರು. ಮೊದಲು ದಿನಾ ಸಲಾಕೆ ಚುಚ್ಚಿ ಮುಟ್ಟಿ ನೋಡ್ತಿದ್ದೆ. ಈಗ ಆ ಪಾಡಿಲ್ಲ, ನಿಮ್ಮ ಪುಣ್ಯ."

"ಇವತ್ತೊಂದು ದಿನ ಚುಚ್ಚಿ ನೋಡಿ, ದೋನ್ ಹಸಿಂತೊ. ನನಗೋಸ್ಕರ."

ನಗುತ್ತಲೇ ಎದ್ದವನು, ತುಕ್ಕು ಹಿಡಿದ ಸಲಾಕೆಯನ್ನು ಪಕ್ಕದ ಕಿಂಡಿಯಿಂದ ಏಳನೇ ಕಣಜದೊಳಗೆ ತೂರಿಸಿ ಸ್ವಲ್ಪ ಹೊತ್ತು ಕಾದ. ಹೊರಗೆಳೆದು ತುದಿ ಮುಟ್ಟಿದ ಕೂಡಲೇ ಚೀರಿ ಕೈ ಕೊಡವಿದ. ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. ಪರದೆಯಲ್ಲಿ ಇಪ್ಪತ್ನಾಲ್ಕು ಪಾಯಿಂಟ್ ಮೂರು.

ಅಂಗಳ ಖಾಲಿ ಮಾಡಿಸಿದರು. ಮಧ್ಯಾಹ್ನ ಎರಡು ಗಂಟೆಗೆ ಏಳನೆಯದರ ಮಾಡಿನಿಂದ ಹಳದಿ ಹೊಗೆ ಏಳತೊಡಗಿತು. ಅಗ್ನಿಶಾಮಕದವರು ಬಂದರು. ಯಾರಿಗೂ ಏನೂ ಆಗಲಿಲ್ಲ.

ಅಷ್ಟರಲ್ಲಿ ನೆಲಿದಾ ಅಂಗಳದ ಕಚೇರಿಯಲ್ಲಿ ಗ್ರಾಹಕರ ಪಟ್ಟಿ ಹರಡಿಕೊಂಡು, ಎಲ್ಲರನ್ನೂ ಎಚ್ಚರಿಸಲು ಫೋನ್ ಹಿಡಿದಿದ್ದಳು; ಬೇರೆ ಅಂಗಳಗಳ ಅಂಕಿ ಅಲ್ಲಿಂದ ಕಾಣುತ್ತಿರಲಿಲ್ಲ. ನಡುವೆ ವಿನ್ಯೋಲೊನ ಕರೆ ಬಂತು. "ಬಾಯಿ ಮುಚ್ಕೊಂಡಿರು, ನಮ್ಮನ್ನ ಮುಳುಗಿಸ್ತೀಯಾ!" ಎಂದ. ಅವಳು ಫೋನ್ ಇಟ್ಟು, ಮುಂದಿನ ಅಂಗಳದ ಸಂಖ್ಯೆ ಒತ್ತಿದಳು. ಕೆಲವರು ಬೈದರು, ಕೆಲವರು ನಂಬಲೇ ಇಲ್ಲ. ಐದು ಕಡೆ ಅಂಕಿಗಳು ಸತ್ತು ಕೂತಿದ್ದವು. ಕತ್ತಲಾಗುವ ಮುಂಚೆ ಮುಗಿಸಬೇಕೆಂದು ಪಟ್ಟಿಯಲ್ಲಿ ಒಂದೊಂದೇ ಹೆಸರು ಹೊಡೆದುಹಾಕುತ್ತಾ ಹೋದಳು.

ಪಟ್ಟಿಯ ಮೂವತ್ತೊಂದನೆಯ ಅಂಗಳದ ವ್ಯವಸ್ಥಾಪಕ ಓಲ್ಮೆದೊ ಖುಷಿಯಲ್ಲಿದ್ದ. "ನಿಮ್ಮ ಹೊಸ ಸೆರೆನೊ ಬಂಗಾರ ಕಣ್ರೀ! ಇಪ್ಪತ್ತು ದಿನ ಆಯ್ತು, ಒಂದ್ಸಲಾನೂ ಕೂಗಿಲ್ಲ."

"ಅಂಕಿ ಅಲ್ಲಾಡ್ತಿದೆಯಾ, ನೋಡಿ ಹೇಳಿ."

"ನಿಂತಿದೆ, ಬಂಡೆ ಹಾಗೆ! ಅದೇ ಧೈರ್ಯದ ಮೇಲೆ ಮೂರನೇ ಕಣಜಕ್ಕೆ ಇಬ್ಬರನ್ನ ಇಳಿಸಿದೀನಿ, ಗೋಡೆಗೆ ಕಚ್ಚಿದ ಕಾಳು ಕೆರೆಯೋಕೆ."

"ಆ ಅಂಕಿ ಸತ್ತಿದೆ, ಒಳಗೆ ಗಾಳಿ ವಿಷವಾಗಿರಬಹುದು! ಅವರು ಇಳಿದು ಎಷ್ಟು ಹೊತ್ತಾಯ್ತು?"

ಆ ಕಡೆ ಫೋನ್ ಮೇಜಿನ ಮೇಲೆ ಬಿದ್ದ ಸದ್ದು. ಓಡುವ ಹೆಜ್ಜೆಗಳು. ದೂರದಲ್ಲಿ ಯಾರೋ ಎರಡು ಹೆಸರುಗಳನ್ನು ಮತ್ತೆ ಮತ್ತೆ ಕೂಗುತ್ತಿದ್ದರು. ಓಗೊಡುವ ದನಿ ಮಾತ್ರ ಕೇಳಿಸಲಿಲ್ಲ. ಅವಳು ಫೋನ್ ಕಿವಿಗೊತ್ತಿಕೊಂಡೇ ಕೂತಿದ್ದಳು.

ಇಬ್ಬರಲ್ಲಿ ಒಬ್ಬ ಉಳಿದ. ವಿಲ್ಮಾರ್ ಓಹೆದಾ ಎಂಬ ಇನ್ನೊಬ್ಬ ಉಳಿಯಲಿಲ್ಲ.

ತಿಂಗಳೊಳಗೆ ಮೂವತ್ತೆಂಟು ಅಂಗಳಗಳೂ ಸೆರೆನೊವನ್ನು ಕಿತ್ತುಹಾಕಿದವು. ಅಷ್ಟೇ ಅಲ್ಲ, ಬೇರೆ ಕಂಪನಿಗಳ ಒಳ್ಳೆಯ ತಂತ್ರಾಂಶಗಳನ್ನೂ ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. "ಕಂಪ್ಯೂಟರ್ ಹಸಿರು ತೋರಿಸ್ತು" ಎಂಬುದು ಆ ಸೀಮೆಯಲ್ಲಿ ಸುಳ್ಳುಗಾರರನ್ನು ಬೈಯುವ ಮಾತಾಯಿತು. ವಿನ್ಯೋಲೊ ಕಚೇರಿಗೆ ಬೀಗ ಹಾಕಿದ.

ವಿಚಾರಣೆಯ ದಿನ ನ್ಯಾಯಾಲಯದ ಹೊರಗಿನ ಬೆಂಚಿನಲ್ಲಿ ವಿಲ್ಮಾರನ ತಾಯಿ ನೆಲಿದಾಳ ಪಕ್ಕ ಬಂದು ಕೂತಳು.

"ನೀನೇನಾ ಎಲ್ಲರಿಗೂ ಫೋನ್ ಮಾಡಿದ್ದು?"

"ಹೌದಮ್ಮಾ."

"ಯಾವ ಲೆಕ್ಕದಲ್ಲಿ ಮಾಡಿದೆ? ಯಾರು ಮೊದಲು, ಯಾರು ಆಮೇಲೆ ಅಂತ?"

ನೆಲಿದಾ ತಲೆ ಎತ್ತಲಿಲ್ಲ. "ಅಕ್ಷರಮಾಲೆಯ ಕ್ರಮದಲ್ಲಿ, ಅಮ್ಮಾ. ಅಂಗಳಗಳ ಹೆಸರು ಪಟ್ಟೀಲಿ ಹಾಗೇ ಇತ್ತು."